ಬೆಂಕಿ ಕೊಟ್ಟ ತಂಪು

ಕ್ಯಾರವಾನಿನ ಹಳೆಯ ಫ್ರಿಜ್ಜಿನೊಳಗೆ, ತರಕಾರಿ ಡಬ್ಬದ ಪಕ್ಕದ ಮೂಲೆಯಲ್ಲಿ, ಒಂದು ಪುಟ್ಟ ಗಾಜಿನ ಕಿಂಡಿ ಇರುತ್ತಿತ್ತು. ಬಾಗಿಲು ತೆಗೆದು, ಮೊಣಕಾಲೂರಿ ಬಗ್ಗಿ ನೋಡಿದರೆ ಅದರಾಚೆ ಕಿರುಬೆರಳ ಉಗುರಿನಷ್ಟು ನೀಲಿ ಜ್ವಾಲೆ. ಅದು ಉರಿಯುತ್ತಿದೆ ಎಂದರೆ ಹಾಲು ಒಡೆಯುವುದಿಲ್ಲ, ಮೊಸರು ಹುಳಿಯಾಗುವುದಿಲ್ಲ, ನಾಳೆಗೆಂದು ರುಬ್ಬಿದ ಹಿಟ್ಟು ನಾಳೆಯವರೆಗೂ ಉಳಿಯುತ್ತದೆ. ಮೊದಲ ಸಲ ನೋಡಿದವರು ನಂಬುತ್ತಿರಲಿಲ್ಲ. ಈ ಪೆಟ್ಟಿಗೆ ತಣ್ಣಗಿರುವುದೇ ಆ ಬೆಂಕಿಯಿಂದ.

ಆಸ್ಟ್ರೇಲಿಯದ ರಸ್ತೆಗಳಲ್ಲಿ ಕಾರಿನ ಹಿಂದೆ ಕ್ಯಾರವಾನ್ ಎಂಬ ಗಾಲಿಮನೆ ಕಟ್ಟಿಕೊಂಡು ಓಡಾಡಿದವರಿಗೆಲ್ಲ ಈ ಫ್ರಿಜ್ ಗೊತ್ತು. ತ್ರೀ-ವೇ ಎನ್ನುತ್ತಾರೆ. ಮನೆಯಂಗಳದಲ್ಲೋ ಕ್ಯಾರವಾನ್ ಪಾರ್ಕಿನಲ್ಲೋ ನಿಂತಾಗ 240 ವೋಲ್ಟಿನ ಕರೆಂಟು, ಕರೆಂಟಿಲ್ಲದ ಬಯಲಲ್ಲಿ ನಿಂತಾಗ ಗ್ಯಾಸು, ರಸ್ತೆಯಲ್ಲಿ ಓಡುವಾಗ ಕಾರು ಕೊಡುವ 12 ವೋಲ್ಟು. ಮೂರು ದಾರಿಯಲ್ಲಿ ಎಲ್ಲಿಂದ ಕಾವು ಸಿಕ್ಕರೂ ಅದಕ್ಕೆ ಸಾಕು. ಈಗ ಅದರ ಮೂರನೆಯ ದಾರಿ ಮುಚ್ಚುತ್ತಾ ಬಂದಿದೆ. ಫ್ರಿಜ್ಜಿನಲ್ಲಿ ದೋಷ ಬಂದದ್ದರಿಂದಲ್ಲ, ಮುಂದೆ ನಿಂತು ಎಳೆಯುವ ಕಾರು ಬದಲಾದದ್ದರಿಂದ. ಆ ದಾರಿಯೊಂದಿಗೆ ಫ್ರಿಜ್ಜೂ ಹೋಗುತ್ತಿದೆ, ಅದನ್ನು ಸಾಕಿಕೊಂಡು ಬಂದವರ ತಿಳಿವಳಿಕೆಯೂ ಹೋಗುತ್ತಿದೆ. ನನಗೆ ಇದು ಸಣ್ಣ ನಷ್ಟವಾಗಿ ಕಾಣುವುದಿಲ್ಲ.

ಮೆಲ್ಬರ್ನಿಗೆ ಬಂದು ನೆಲೆಸಿ, ಮಗ ಶಾಲೆಗೆ ಹೋಗುವ ಹೊತ್ತಿಗೆ ನಾವೊಂದು ಹಳೆಯ ಕ್ಯಾರವಾನ್ ಕೊಂಡಿದ್ದೆವು. ನಮ್ಮ ಮನೆಯವರು ಸ್ಟಿಯರಿಂಗ್ ಹಿಡಿದರೆ ಫ್ರಿಜ್ಜಿನ ಹೊಣೆ ನನ್ನದು. ಈ ಹಂಚಿಕೆಯನ್ನು ನಾವು ಕೂತು ಮಾತಾಡಿ ಮಾಡಿಕೊಂಡದ್ದಲ್ಲ. ಮೊದಲ ಸಲ ಅದರ ಬೆನ್ನಿನ ಜಾಲರಿ ತೆಗೆದು ನೋಡಿದಾಗಲೇ ನನಗೆ ಗುರುತು ಹತ್ತಿತ್ತು. ಚಿಕ್ಕವಳಿದ್ದಾಗ ಮೂಡಿಗೆರೆ ಕಡೆಯ ನೆಂಟರ ಕಾಫಿ ತೋಟದ ಬಂಗಲೆಯಲ್ಲಿ ಇಂಥದ್ದೇ ಒಂದು ಇತ್ತು. ತೋಟಕ್ಕೆ ಕರೆಂಟು ಬಾರದ ಕಾಲ. ಫ್ರಿಜ್ಜಿನ ಬುಡದಲ್ಲಿ ಸೀಮೆಎಣ್ಣೆ ತೊಟ್ಟಿ, ದುಂಡನೆಯ ಬತ್ತಿ, ಹಿಂದುಗಡೆ ಮೇಲಕ್ಕೆ ಹೋಗುವ ಹೊಗೆಕೊಳವೆ. ಬತ್ತಿ ಸ್ವಲ್ಪ ಓರೆಯಾದರೂ ಮಸಿ ಕಟ್ಟಿ ತಂಪು ನಿಲ್ಲುತ್ತಿತ್ತು. ದೊಡ್ಡಮ್ಮ ದಿನಾ ಸಂಜೆ ಲಾಂದ್ರದ ಬತ್ತಿಗಳ ಜೊತೆಗೆ ಇದರ ಬತ್ತಿಯನ್ನೂ ಕತ್ತರಿಸಿ ನೇರ ಮಾಡುತ್ತಿದ್ದರು. ನಮ್ಮ ಕಡೆಯ ಎಷ್ಟೋ ಹಳ್ಳಿ ಆಸ್ಪತ್ರೆಗಳಲ್ಲಿ ಲಸಿಕೆ ಕಾಯ್ದದ್ದೂ ಇದೇ ಬಗೆಯ ಫ್ರಿಜ್ಜು. ಇವತ್ತಿಗೂ ದೊಡ್ಡ ಹೋಟೆಲಿನ ಕೋಣೆಗಳಲ್ಲಿ ಸದ್ದಿಲ್ಲದೆ ಕೂತಿರುವ ಪುಟ್ಟ ಫ್ರಿಜ್ಜುಗಳಲ್ಲಿ ಎಷ್ಟೋ ಇದೇ ವಂಶದವು.

ಈ ವಂಶದ ಮೂಲಪುರುಷರು ಇಬ್ಬರು ಹುಡುಗರು. 1922ರಲ್ಲಿ ಸ್ಟಾಕ್‌ಹೋಮಿನ ರಾಯಲ್ ತಾಂತ್ರಿಕ ವಿದ್ಯಾಲಯದಲ್ಲಿ ಓದುತ್ತಿದ್ದ ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಒಂದೂ ತಿರುಗುವ ಭಾಗವಿಲ್ಲದೆ, ಬರೀ ಕಾವಿನಿಂದ ತಂಪು ಮಾಡುವ ಯಂತ್ರ ಕಟ್ಟಿದರು. 1925ರಲ್ಲಿ ಎಲೆಕ್ಟ್ರೋಲಕ್ಸ್ ಕಂಪನಿ ಅದನ್ನು ಕೊಂಡು ಮಾರಾಟಕ್ಕಿಳಿಸಿತು. ಅದೇ ದಶಕದಲ್ಲಿ ಐನ್‌ಸ್ಟೈನ್ ಮತ್ತು ಲಿಯೋ ಸಿಲಾರ್ಡ್ ಕೂಡ ಇದೇ ದಾರಿಯಲ್ಲಿ ತಲೆ ಓಡಿಸಿದ್ದರು. ಫ್ರಿಜ್ಜಿನಿಂದ ಸೋರಿದ ವಿಷಾನಿಲಕ್ಕೆ ಬರ್ಲಿನ್ನಿನ ಒಂದು ಕುಟುಂಬವೇ ಬಲಿಯಾದ ಸುದ್ದಿ ಓದಿ, ಚಲಿಸುವ ಭಾಗವೂ ಸೋರುವ ಕೀಲೂ ಇಲ್ಲದ ಫ್ರಿಜ್ ಬೇಕೆಂದು ಅವರು ಹೊರಟರು. 1930ರಲ್ಲಿ ಅಮೆರಿಕದ ಪೇಟೆಂಟೂ ಅವರಿಗೆ ಸಿಕ್ಕಿತು. ಮನೆಮನೆಗೆ ಬಂದದ್ದು ಮಾತ್ರ ಆ ಸ್ವೀಡನ್ ಹುಡುಗರದೇ.

ಅದು ಕೆಲಸ ಮಾಡುವ ಬಗೆಯನ್ನು ನಾನು ಎಷ್ಟು ಜನರಿಗೆ ವಿವರಿಸಿದ್ದೇನೋ. ಬೆಸುಗೆ ಹಾಕಿ ಮುಚ್ಚಿದ ಉಕ್ಕಿನ ಕೊಳವೆಗಳ ಒಳಗೆ ನೀರು, ಅಮೋನಿಯ ಮತ್ತು ಹೈಡ್ರೋಜನ್ ಇರುತ್ತವೆ. ಬುಡದಲ್ಲಿ ಕಾವು ಕೊಟ್ಟರೆ ನೀರಿನಲ್ಲಿ ಕರಗಿದ ಅಮೋನಿಯ ಗುಳ್ಳೆಗುಳ್ಳೆಯಾಗಿ ಬೇರ್ಪಡುತ್ತದೆ. ಆ ಗುಳ್ಳೆಗಳೇ ದ್ರವವನ್ನೂ ಮೇಲಕ್ಕೆ ಎತ್ತುತ್ತವೆ, ಬೇರೆ ಪಂಪು ಬೇಡ. ಮೇಲೆ ಹೋದ ಅಮೋನಿಯ ಬೆನ್ನಿನ ರೆಕ್ಕೆಗಳಲ್ಲಿ ತಣಿದು ದ್ರವವಾಗಿ, ಫ್ರಿಜ್ಜಿನೊಳಗೆ ಹರಿದು, ಅಲ್ಲಿ ಹೈಡ್ರೋಜನ್ನಿನ ಜೊತೆ ಸೇರುತ್ತದೆ. ಹೈಡ್ರೋಜನ್ ಇರುವಲ್ಲಿ ಅಮೋನಿಯದ ಪಾಲಿನ ಒತ್ತಡ ಕಡಿಮೆಯಾಗುವುದರಿಂದ ಅದು ಆ ತಣ್ಣನೆಯ ಜಾಗದಲ್ಲೇ ಆವಿಯಾಗತೊಡಗುತ್ತದೆ. ಆವಿಯಾಗುವಾಗ ಸುತ್ತಲಿನ ಕಾವನ್ನು ಎಳೆದುಕೊಳ್ಳುತ್ತದೆ, ಮಣ್ಣಿನ ಹೂಜಿಯ ಮೈ ಬೆವರಿ ಒಳಗಿನ ನೀರು ತಂಪಾಗುವ ಹಾಗೆ. ಆಮೇಲೆ ನೀರು ಆ ಅಮೋನಿಯವನ್ನು ಮತ್ತೆ ಹೀರಿಕೊಂಡು ಬುಡಕ್ಕೆ ಇಳಿಯುತ್ತದೆ, ಹೈಡ್ರೋಜನ್ ತನ್ನ ಜಾಗಕ್ಕೆ ಮರಳುತ್ತದೆ. ಹಗಲೂ ರಾತ್ರಿ ಇದೇ ಸುತ್ತು. ಮೋಟಾರಿಲ್ಲ, ಬೆಲ್ಟಿಲ್ಲ, ಎಣ್ಣೆ ಬದಲಾಯಿಸುವುದಿಲ್ಲ. ಮೂವತ್ತು ನಲವತ್ತು ವರ್ಷ ಹಾಗೆ ನಡೆದ ಫ್ರಿಜ್ಜುಗಳನ್ನು ಕಣ್ಣಾರೆ ಕಂಡಿದ್ದೇನೆ.

ಅದು ಕೇಳುತ್ತಿದ್ದದ್ದು ಸಮವಾದ ನೆಲ. ದ್ರವ ಇಳಿಜಾರಿನಲ್ಲಿ ತಾನಾಗಿ ಹರಿಯಬೇಕಲ್ಲ, ಕ್ಯಾರವಾನ್ ವಾಲಿ ನಿಂತರೆ ಎಲ್ಲೋ ಒಂದು ತಿರುವಿನಲ್ಲಿ ಅದು ಮಡುಗಟ್ಟಿ ನಿಲ್ಲುತ್ತದೆ. ಕಾವು ಮಾತ್ರ ಏರುತ್ತಲೇ ಇರುತ್ತದೆ, ತುಕ್ಕು ಹಿಡಿಯದಿರಲೆಂದು ಬೆರೆಸಿದ ಕ್ರೋಮೇಟ್ ಹರಳುಗಟ್ಟಿ ಕೊಳವೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಎಲ್ಲಿ ನಿಂತರೂ ಮೊದಲ ಕೆಲಸ ಫ್ರಿಜ್ಜಿನೊಳಗೆ ಪುಟ್ಟ ರಸಮಟ್ಟ ಇಡುವುದು. ಒಂದು ಕಡೆಯ ಚಕ್ರದಡಿ ಹಲಗೆ ಕೊಟ್ಟು, "ಇನ್ನೊಂದು ಚೂರು ಮುಂದೆ ಬನ್ನಿ, ಹಾಂ, ನಿಲ್ಲಿಸ್ರೀ" ಎಂದು ನಾನು ಕೂಗುವುದು, ಅವರು ಕನ್ನಡಿಯಲ್ಲಿ ನನ್ನ ಕೈ ನೋಡುತ್ತ ಹಿಂದೆ ಮುಂದೆ ಮಾಡುವುದು. ಗುಳ್ಳೆ ನಡುವಿಗೆ ಬಂದ ಮೇಲೆಯೇ ಟೀ. ಓಡುವಾಗ ಮಾತ್ರ ಈ ಚಿಂತೆಯಿಲ್ಲ, ರಸ್ತೆಯ ಅಲುಗಾಟದಲ್ಲಿ ಅತ್ತಿತ್ತ ವಾಲುವುದು ಸರಿಹೋಗುತ್ತದೆ.

ಓಡುವಾಗ ಗ್ಯಾಸ್ ಉರಿಸಬಾರದು. ಪೆಟ್ರೋಲ್ ಬಂಕಿಗೆ ತೆರೆದ ಜ್ವಾಲೆಯೊಂದಿಗೆ ನುಗ್ಗುವುದು, ಅಪಘಾತವಾದರೆ ಒಡೆದ ಪೈಪಿನ ಪಕ್ಕದಲ್ಲಿ ಬೆಂಕಿ, ಇವೆರಡನ್ನು ನೆನೆದರೆ ಸಾಕು. ಅದಕ್ಕೇ ಕಾವು ಕೊಡುವ 12 ವೋಲ್ಟಿನ ಕಾಯಿಲ್ ಇರುವುದು. ಸುಮಾರು 170 ವ್ಯಾಟ್, ಅಂದರೆ 14 ಆಂಪಿಯರ್. ಕಾರಿನ ಬ್ಯಾಟರಿಯ ಮಟ್ಟಿಗೆ ಇದು ದೊಡ್ಡ ತುತ್ತು. ಇಂಜಿನ್ ನಿಲ್ಲಿಸಿ ಎರಡು ಮೂರು ಗಂಟೆ ಮರೆತುಬಿಟ್ಟರೆ ಕಾರು ಸ್ಟಾರ್ಟ್ ಆಗುವುದು ಅನುಮಾನ. ಇಷ್ಟು ತಿಂದರೂ 12 ವೋಲ್ಟು ಬಿಸಿ ಸಾಮಾನನ್ನು ತಂಪು ಮಾಡಲಾರದು, ತಂಪಾಗಿರುವುದನ್ನು ಹಾಗೇ ಕಾಯಬಲ್ಲದು ಅಷ್ಟೆ. ಹಾಗಾಗಿ ಹೊರಡುವ ಹಿಂದಿನ ದಿನವೇ ಮನೆಯ ಕರೆಂಟಿಗೆ ಹಾಕಿ ಫ್ರಿಜ್ಜನ್ನು ತಣಿಸಿ, ಒಳಗಿಡುವ ಹಾಲು ಮೊಸರು ಕೂಡ ಮನೆಯ ಫ್ರಿಜ್ಜಿನಿಂದ ನೇರ ಅಲ್ಲಿಗೆ ಹೋಗಬೇಕು. ಕಾಯಿತುರಿಯನ್ನು ಪೊಟ್ಟಣ ಕಟ್ಟಿ ಗಟ್ಟಿ ಮಾಡಿ ನಡುವೆ ಇಟ್ಟರೆ ಅದೇ ಐಸಿನ ಕೆಲಸವನ್ನೂ ಮಾಡುತ್ತದೆ. ಇದು ನಾನೇ ಕಂಡುಕೊಂಡ ಉಪಾಯ, ಆಮೇಲೆ ಪರಿಚಯದ ಎಷ್ಟೋ ಕನ್ನಡದ ಮನೆಗಳಿಗೆ ಹೋಯಿತು.

ಕಾರಿನಿಂದ ಫ್ರಿಜ್ಜಿಗೆ ಬರುವ ತಂತಿಯ ಕಥೆ ಹೇಳಬೇಕೆಂದರೆ ಪಕ್ಕದ ಮನೆಯ ಹಿರಿಯರನ್ನು ನೆನೆಯಬೇಕು. ನಿವೃತ್ತ ಆಟೋ ಎಲೆಕ್ಟ್ರಿಷಿಯನ್. ನಮ್ಮದು ಆಗ ಫೋರ್ಡ್ ಫಾಲ್ಕನ್, ಇಲ್ಲೇ ಮೆಲ್ಬರ್ನಿನ ಬ್ರಾಡ್‌ಮೆಡೋಸಿನಲ್ಲಿ ತಯಾರಾದದ್ದು. ಮೊದಲ ಬೇಸಿಗೆಯಲ್ಲಿ ಫ್ರಿಜ್ ದಾರಿಯಲ್ಲಿ ಬೆಚ್ಚಗಾಗುತ್ತದೆ ಎಂದು ನಾನು ಹೇಳಿದ್ದಕ್ಕೆ ಅವರು ಮಲ್ಟಿಮೀಟರ್ ಹಿಡಿದು ಬಂದರು. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ ಕಡ್ಡಿಗಳನ್ನಿಟ್ಟರು. 14.2. ಆಮೇಲೆ ಕ್ಯಾರವಾನಿನ ಹಿಂದೆ ಹೋಗಿ ಜಾಲರಿ ತೆಗೆದು, ಫ್ರಿಜ್ಜಿನ ಬೆನ್ನಲ್ಲಿ ಕಾಯಿಲ್ಲಿಗೆ ತಂತಿ ಸೇರುವಲ್ಲಿ ಇಟ್ಟರು. 12.7. "ನಡುವೆ ಒಂದೂವರೆ ವೋಲ್ಟ್ ಎಲ್ಲಿ ಹೋಯಿತು?" ಎಂದು ನನ್ನನ್ನೇ ಕೇಳಿದರು. ತಂತಿಯನ್ನು ಬೆರಳಲ್ಲಿ ಹಿಡಿದು ನೋಡು ಎಂದರು. ಬೆಚ್ಚಗಿತ್ತು. ಫ್ರಿಜ್ಜಿಗೆ ಸೇರಬೇಕಾದ ಕಾವು ದಾರಿಯಲ್ಲೇ ತಂತಿಯಲ್ಲಿ ಖರ್ಚಾಗುತ್ತಿತ್ತು. ಎರಡೂವರೆ ಚದರ ಮಿಲಿಮೀಟರಿನ ಸಣ್ಣ ತಂತಿ, ಹೋಗಿಬರುವ ದಾರಿ ಸೇರಿ ಹದಿನಾರು ಮೀಟರ್.

ಆ ವಾರಾಂತ್ಯವಿಡೀ ಅವರು ಕಾರಿನಡಿ ಮಲಗಿದ್ದರು, ನಮ್ಮ ಮನೆಯವರು ಸ್ಪ್ಯಾನರ್ ಕೊಡುತ್ತಿದ್ದರು. ಇಲ್ಲಿಯವರು 6 ಬಿ ಅಂಡ್ ಎಸ್ ಎನ್ನುವ ದಪ್ಪ ಕೇಬಲ್, ಹದಿಮೂರೂವರೆ ಚದರ ಮಿಲಿಮೀಟರಿನದು. ಬ್ಯಾಟರಿಯ ಪಕ್ಕ ಒಂದು ಫ್ಯೂಜು. ಇಗ್ನಿಷನ್ ಬಂದಾಗ ಮುಚ್ಚಿ ಹೋದಾಗ ತೆರೆಯುವ ಒಂದು ರಿಲೇ, ಕಿವಿಗೊಟ್ಟರೆ ಟಕ್ ಎನ್ನುವ ಸದ್ದು ಕೇಳುತ್ತಿತ್ತು. ಹಿಂದೆ ಬಂಪರಿನಡಿ, ಕಾರಿನ ತಂತಿಯನ್ನು ಕ್ಯಾರವಾನಿಗೆ ಸೇರಿಸುವ ಬೂದುಬಣ್ಣದ ಆಂಡರ್ಸನ್ ಪ್ಲಗ್. ಇಷ್ಟೇ. ಮತ್ತೆ ಅಳೆದರೆ ಫ್ರಿಜ್ಜಿನ ಬೆನ್ನಲ್ಲಿ 13.9. ಒಂದು ವೋಲ್ಟ್ ಹೆಚ್ಚಾದರೆ ಏನು ಮಹಾ ಎನಿಸಬಹುದು. ಕಾಯಿಲ್ಲಿನ ಕಾವು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಆ ಒಂದು ಚಿಲ್ಲರೆ ವೋಲ್ಟು ಐದರಲ್ಲಿ ಒಂದು ಪಾಲು ಕಾವನ್ನು ಹೆಚ್ಚಿಸುತ್ತದೆ. ಹಿರಿಯರು ಹಣ ತೆಗೆದುಕೊಳ್ಳಲಿಲ್ಲ. ಇಡ್ಲಿ ಚಟ್ನಿ ತೆಗೆದುಕೊಂಡರು, ಆಮೇಲೆ ಪ್ರತಿ ಸಲ ಊರಿಗೆ ಮರಳಿದಾಗಲೂ ಬೇಲಿಯ ಮೇಲಿಂದ "ಹಾಲು ಹೇಗಿತ್ತು?" ಎಂದು ಕೇಳುತ್ತಿದ್ದರು.

ಆ ಏರ್ಪಾಡಿನಲ್ಲಿ ನಾವು ನಲ್ಲರ್ಬಾರ್ ದಾಟಿದೆವು. ದಕ್ಷಿಣ ಆಸ್ಟ್ರೇಲಿಯದ ಸೆಡೂನಾದಿಂದ ಪಶ್ಚಿಮದ ನಾರ್ಸ್‌ಮನ್‌ವರೆಗೆ ಸುಮಾರು 1200 ಕಿಲೋಮೀಟರ್, ನಡುವೆ ಮರವಿಲ್ಲದ ಬಯಲು. ಕೈಗುನಾ ಮತ್ತು ಬಲ್ಲಡೋನಿಯದ ನಡುವೆ 146 ಕಿಲೋಮೀಟರಿಗೂ ಹೆಚ್ಚು ದೂರ ರಸ್ತೆ ಒಂದು ತಿರುವನ್ನೂ ಕಾಣುವುದಿಲ್ಲ. ಬೇಸಿಗೆಯಲ್ಲಿ ಬಿಸಿಲು 45 ಡಿಗ್ರಿ ಮುಟ್ಟುವ ನೆಲ. ಅಂಗಡಿಯೆಂದರೆ ನೂರು ಇನ್ನೂರು ಕಿಲೋಮೀಟರಿಗೊಂದು ರೋಡ್‌ಹೌಸ್, ಅಲ್ಲಿ ಸಿಗುವುದು ಪೆಟ್ರೋಲ್, ಕಾಫಿ, ಪೈ. ಪಶ್ಚಿಮ ಆಸ್ಟ್ರೇಲಿಯದ ಗಡಿಯಲ್ಲಿ ತಪಾಸಣೆಯವರು ಹಣ್ಣು, ತರಕಾರಿ, ಜೇನು ಎಲ್ಲ ತೆಗೆಸಿಬಿಡುತ್ತಾರೆ. ನನ್ನ ನಿಂಬೆಹಣ್ಣು, ಹಸಿಮೆಣಸಿನಕಾಯಿ, ಹಿತ್ತಿಲ ಕರಿಬೇವು ಅಲ್ಲೇ ಹೋದವು. ಉಳಿದದ್ದು ಮೊಸರು, ಕಾಯಿತುರಿ, ದೋಸೆಹಿಟ್ಟು. ಊಟವೆಲ್ಲ ಅದರ ಮೇಲೆ. ದಿನವಿಡೀ ಓಡಿದ ಕಾರು ಫ್ರಿಜ್ಜಿಗೆ ಬೇಕಾದಷ್ಟನ್ನು ಕೊಟ್ಟಿತು. ಸಂಜೆ ರಸ್ತೆ ಬದಿಯ ತಂಗುದಾಣದಲ್ಲಿ ನಿಂತು, ರಸಮಟ್ಟ ನೋಡಿ, ಗ್ಯಾಸಿಗೆ ತಿರುಗಿಸಿ ಲೈಟರಿನ ಗುಂಡಿ ಒತ್ತಿದರೆ ಟಿಕ್ ಟಿಕ್ ಎಂದು ಕಿಡಿ, ಮೆಲ್ಲಗೆ 'ಭುಸ್' ಎಂಬ ಉಸಿರು, ಕಿಂಡಿಯಲ್ಲಿ ನೀಲಿ. ಒಂಬತ್ತು ಕಿಲೋ ಸಿಲಿಂಡರಿನಲ್ಲಿ ಮೂರು ವಾರ ಉರಿಯುವಷ್ಟು ಮಿತವ್ಯಯ. ಆ ಬಯಲಿನ ನಡುವೆ ಗಟ್ಟಿ ಮೊಸರನ್ನ ಉಂಡದ್ದು ನನಗೆ ಯಾವ ದೊಡ್ಡ ಹೋಟೆಲಿನ ಊಟಕ್ಕಿಂತ ಹೆಚ್ಚು.

ತಂಗುದಾಣಗಳಲ್ಲಿ ಅಪರಿಚಿತರ ನಡುವೆ ಮಾತು ಶುರುವಾಗುತ್ತಿದ್ದದ್ದೂ ಈ ಫ್ರಿಜ್ಜಿನಿಂದಲೇ. ಗಾಳಿ ಜೋರಾಗಿ ಬೀಸಿ ಯಾರದೋ ಜ್ವಾಲೆ ಆರಿಹೋಗುತ್ತಿತ್ತು, ಇನ್ನಾರೋ ಬಂದು ಜಾಲರಿಗೆ ಅಡ್ಡ ರಟ್ಟು ಕಟ್ಟಲು ಹೇಳಿಕೊಡುತ್ತಿದ್ದರು. ಬಿಸಿಲಿನ ಕಡೆಗೆ ಫ್ರಿಜ್ಜಿನ ಬೆನ್ನು ಹಾಕಿ ನಿಲ್ಲಿಸಬೇಡಿ ಎಂದು ಒಬ್ಬಾಕೆ ಹೇಳಿದರು. ಹಳೆಯ ಕಂಪ್ಯೂಟರಿನ ಫ್ಯಾನನ್ನು ಬೆನ್ನಿಗೆ ಕೂರಿಸಿದರೆ ಬಿಸಿಗಾಳಿ ಬೇಗ ಹೊರಹೋಗುತ್ತದೆ ಎಂದು ಇನ್ನೊಬ್ಬರು ತೋರಿಸಿದರು. ಕೆಲಸ ನಿಲ್ಲಿಸಿದ ಫ್ರಿಜ್ಜನ್ನು ಬಿಚ್ಚಿ ಒಂದು ದಿನ ತಲೆಕೆಳಗಾಗಿ ನಿಲ್ಲಿಸಿ ಮತ್ತೆ ನೆಟ್ಟಗೆ ಮಾಡಿದರೆ ಕಟ್ಟಿಕೊಂಡ ದ್ರವ ಕದಲಿ ಜೀವ ಬರುವುದುಂಟು. ಇದನ್ನು ಹೇಳಿಕೊಟ್ಟವರು ಕ್ವೀನ್ಸ್‌ಲೆಂಡಿನ ಒಬ್ಬ ಅಜ್ಜ. ನಾನು ಕಾಯಿತುರಿಯ ಉಪಾಯ ಹೇಳಿದೆ, ಅವರು ಕಾಯಿತುರಿಯ ಬದಲು ಮಾಂಸದ ಸಾರನ್ನು ಗಟ್ಟಿ ಮಾಡಿಟ್ಟುಕೊಳ್ಳುವುದಾಗಿ ಹೇಳಿದರು. ಹೆಸರು ಊರು ಕೇಳುವ ಮುನ್ನವೇ ಇಷ್ಟೆಲ್ಲ ಆಗಿರುತ್ತಿತ್ತು.

2016ರ ಅಕ್ಟೋಬರಿನಲ್ಲಿ ಬ್ರಾಡ್‌ಮೆಡೋಸಿನ ಫೋರ್ಡ್ ಕಾರ್ಖಾನೆ ಮುಚ್ಚಿತು. ಮರುವರ್ಷ ಅದೇ ತಿಂಗಳಲ್ಲಿ ಟೊಯೋಟದವರು ಆಲ್ಟೋನದಲ್ಲಿ, ಹೋಲ್ಡನ್‌ನವರು ಅಡಿಲೇಡ್ ಬಳಿಯ ಎಲಿಜಬೆತ್‌ನಲ್ಲಿ ಬಾಗಿಲು ಹಾಕಿದರು. ಅಲ್ಲಿಗೆ ಈ ದೇಶದಲ್ಲಿ ಕಾರು ಕಟ್ಟುವುದೇ ನಿಂತಿತು. ನಮ್ಮ ಫಾಲ್ಕನ್ನಿನ ಬಿಡಿಭಾಗಗಳು ಸಿಗುವುದು ಕಷ್ಟವಾದಾಗ ಮಗನ ಒತ್ತಾಯಕ್ಕೆ ಹೊಸ ಡೀಸೆಲ್ ಯೂಟ್, ಅಂದರೆ ಪಿಕಪ್ ಗಾಡಿ, ಬಂತು. ಒಳ್ಳೆಯ ಗಾಡಿ. ಬ್ರೇಕು, ಸುರಕ್ಷತೆ, ಎಳೆಯುವ ಬಲ, ಎಲ್ಲದರಲ್ಲೂ ಹಳೆಯದಕ್ಕಿಂತ ಮೇಲು. ಕ್ಯಾರವಾನಿಗೆ ಬೇಕಾದ ತಂತಿಯನ್ನು ಒಂದು ಅಂಗಡಿಯಲ್ಲಿ ಹಾಕಿಸಿದೆವು. ಪಕ್ಕದ ಮನೆಯ ಹಿರಿಯರು ಆಗ ಇರಲಿಲ್ಲ.

ಅಡಿಲೇಡಿಗೆ ಹೊರಟ ಜನವರಿಯ ಒಂದು ದಿನ ಬಲ್ಲರಾಟ್, ಹಾರ್ಷಮ್ ದಾಟಿ, ವಿಮ್ಮೆರಾದ ಗೋಧಿ ಬಯಲಲ್ಲಿ ದಿನವಿಡೀ ಓಡಿ, ಸಂಜೆ ಬಾರ್ಡರ್‌ಟೌನಿನಲ್ಲಿ ನಿಂತೆವು. ಫ್ರಿಜ್ಜಿನ ಬಾಗಿಲು ತೆಗೆದ ತಕ್ಷಣ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ದೋಸೆಹಿಟ್ಟಿನ ಡಬ್ಬದ ಮುಚ್ಚಳವನ್ನು ಹಿಟ್ಟೇ ಎತ್ತಿ ಪಕ್ಕಕ್ಕೆ ಸರಿಸಿತ್ತು. ನೊರೆನೊರೆಯಾಗಿ ಉಕ್ಕಿ ಮೇಲಿನ ತಂತಿತಟ್ಟೆಯಿಂದ ಕೆಳಗಿನ ತಟ್ಟೆಗೆ, ಅಲ್ಲಿಂದ ತರಕಾರಿ ಡಬ್ಬಕ್ಕೆ ಇಳಿದು, ಅಂಚುಗಳಲ್ಲಿ ಒಣಗಿ ಹೊಪ್ಪಳೆ ಕಟ್ಟಿತ್ತು. ಹಾಲಿನ ಬಾಟಲಿ ಕೈಗೆ ಬೆಚ್ಚಗೆ ತಾಗಿತು. ಕಾಯಿತುರಿ ಕೆಂಪಾಗಿತ್ತು. "ಏನಾಯ್ತೇ?" ಎಂದು ಇವರು ಹೊರಗಿಂದ ಕೂಗಿದರು. ನಾನು ಉತ್ತರ ಕೊಡದೆ ಬೆನ್ನಿನ ಕಡೆಗೆ ಹೋಗಿ ಕಾಯಿಲ್ಲಿನ ತಂತಿ ಮುಟ್ಟಿದೆ. ತಣ್ಣಗಿತ್ತು.

ಮಗ ಮಾರನೆಯ ದಿನ ಮೀಟರನ್ನು ಬ್ಯಾಟರಿಗೆ ಕಟ್ಟಿ, ತಂತಿಯನ್ನು ಕಿಟಕಿಯಿಂದ ಒಳಗೆ ತಂದು, ಓಡುವ ಗಾಡಿಯಲ್ಲೇ ಅಂಕಿಗಳನ್ನು ಓದಿದ. ಸ್ಟಾರ್ಟ್ ಮಾಡಿದಾಗ 14.6. ಹತ್ತು ನಿಮಿಷ ಕಳೆದ ಮೇಲೆ ಸಮತಟ್ಟು ರಸ್ತೆಯಲ್ಲಿ 12.4. ಇಳಿಜಾರಿನಲ್ಲಿ ಕಾಲು ತೆಗೆದರೆ ತಟ್ಟನೆ 15ರ ಹತ್ತಿರ. ಮತ್ತೆ ಒತ್ತಿದರೆ 12.4. "ಅಮ್ಮಾ, ಇದು ಕೆಟ್ಟಿಲ್ಲ. ಇದನ್ನು ಮಾಡಿರುವುದೇ ಹೀಗೆ" ಎಂದ.

ಮಾಡಿರುವುದೇ ಹೀಗೆ. ಹಳೆಯ ಕಾರಿನಲ್ಲಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ ಇಂಜಿನ್ ತಿರುಗುವಷ್ಟು ಹೊತ್ತೂ ಹದಿನಾಲ್ಕರ ಆಸುಪಾಸು ಕೊಡುತ್ತಲೇ ಇರುತ್ತಿತ್ತು. ಹೊಸದರ ಲಗಾಮು ಕಂಪ್ಯೂಟರಿನ ಕೈಯಲ್ಲಿದೆ. ಆಲ್ಟರ್ನೇಟರ್ ತಿರುಗಿಸಲು ಇಂಜಿನ್ನಿಗೆ ಶ್ರಮ, ಶ್ರಮಕ್ಕೆ ಇಂಧನ, ಇಂಧನಕ್ಕೆ ಹೊಗೆ. 2015ರ ಹೊತ್ತಿಗೆ ಹೊಸ ಕಾರುಗಳ ಸರಾಸರಿ ಇಂಗಾಲದ ಡೈಆಕ್ಸೈಡ್ ಕಿಲೋಮೀಟರಿಗೆ 130 ಗ್ರಾಂ ಮೀರಬಾರದು ಎಂದು ಯುರೋಪಿನ ಒಕ್ಕೂಟ 2009ರಲ್ಲಿ ಕಾನೂನು ಮಾಡಿದ ಮೇಲೆ ತಯಾರಕರು ಒಂದೊಂದು ಗ್ರಾಮನ್ನೂ ಲೆಕ್ಕ ಹಾಕತೊಡಗಿದರು. ಬ್ಯಾಟರಿಯನ್ನು ಪೂರ್ತಿ ತುಂಬಿಸದೆ ಒಂದಿಷ್ಟು ಜಾಗ ಬಿಡುವುದು, ಕಾಲು ತೆಗೆದಾಗ, ಬ್ರೇಕ್ ಒತ್ತಿದಾಗ ಪುಕ್ಕಟೆ ಸಿಗುವ ಶಕ್ತಿಯಿಂದ ಆ ಜಾಗ ತುಂಬುವುದು, ಉಳಿದ ಹೊತ್ತು ಆಲ್ಟರ್ನೇಟರನ್ನು ಹೆಚ್ಚುಕಡಿಮೆ ಮಲಗಿಸುವುದು. ಜಾಣತನದ ಕೆಲಸವೇ. ಕಾರಿನ ಮಟ್ಟಿಗೆ ಯಾವ ಕೊರತೆಯೂ ಇಲ್ಲ. ಹಿಂದೆ ಕಟ್ಟಿದ ಫ್ರಿಜ್ಜಿನ ಲೆಕ್ಕ ಮಾತ್ರ ಅದರಲ್ಲಿಲ್ಲ.

ಅಂಗಡಿಯವರು ಹಾಕಿದ್ದು ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ. ಹದಿಮೂರು ಚಿಲ್ಲರೆ ದಾಟಿದರೆ ಇಂಜಿನ್ ಓಡುತ್ತಿದೆ ಎಂದು ಮುಚ್ಚಿಕೊಳ್ಳುತ್ತದೆ, ಹನ್ನೆರಡೂ ಮುಕ್ಕಾಲಿನ ಹತ್ತಿರ ಇಳಿದರೆ ಇಂಜಿನ್ ನಿಂತಿದೆ ಎಂದು ತೆರೆದುಕೊಳ್ಳುತ್ತದೆ. ಹಳೆಯ ಕಾರಿನಲ್ಲಿ ಆ ಊಹೆ ತಪ್ಪುತ್ತಿರಲಿಲ್ಲ. ಈ ಕಾರಿನಲ್ಲಿ ಗಂಟೆಗೆ ನೂರು ಕಿಲೋಮೀಟರ್ ಓಡುತ್ತಿದ್ದರೂ ರಿಲೇಗೆ ಗಾಡಿ ನಿಂತ ಹಾಗೆ. ಆ ದಿನದ ಉದ್ದಕ್ಕೂ ನಮ್ಮ ಫ್ರಿಜ್ಜಿಗೆ ಕಾವು ಸಿಕ್ಕಿದ್ದು ಇಳಿಜಾರುಗಳಲ್ಲಿ ಮಾತ್ರ, ವಿಮ್ಮೆರಾದಲ್ಲಿ ಇಳಿಜಾರುಗಳೇ ಇಲ್ಲ. ರಿಲೇ ತೆಗೆದು ನೇರ ಕೊಟ್ಟರೂ ಅಂಗಡಿಯವರು ಎಳೆದಿದ್ದ ಸಣ್ಣ ತಂತಿಯ ಕೊನೆಗೆ ಉಳಿಯುವುದು ಹನ್ನೊಂದರ ಒಳಗೆ. ಫಾಲ್ಕನ್ ಕೊಡುತ್ತಿದ್ದ ಕಾವಿನಲ್ಲಿ ಐದಕ್ಕೆ ಮೂರು ಪಾಲು.

ಪರಿಹಾರಗಳು ಇವೆ. ಕೆಲವು ಕಾರುಗಳಲ್ಲಿ ಹಗಲಲ್ಲೂ ಹೆಡ್‌ಲೈಟ್ ಹಾಕಿಕೊಂಡರೆ ಕಂಪ್ಯೂಟರ್ ವೋಲ್ಟೇಜ್ ಇಳಿಸುವುದಿಲ್ಲ. ಇದನ್ನು ಹಾದಿಯವರೇ ಕಂಡುಹಿಡಿದರು. ಕೆಲವು ಕಾರುಗಳಿಗೆ ಕಂಪನಿಯದೇ ಟೋ ವೈರಿಂಗ್ ಹಾಕಿಸಿದರೆ ಹಿಂದೆ ಏನೋ ಇದೆ ಎಂಬುದು ಕಾರಿಗೆ ತಿಳಿದು ಅದು ಹೊಂದಿಕೊಳ್ಳುತ್ತದೆ. ಎಲ್ಲಕ್ಕಿಂತ ಗಟ್ಟಿಯಾದದ್ದು ಡಿಸಿ-ಡಿಸಿ ಚಾರ್ಜರ್. ಬರುವುದು ಹನ್ನೆರಡಾದರೂ ಹದಿನೈದಾದರೂ ಕೊಡುವುದು ಸ್ಥಿರವಾಗಿ ಹದಿನಾಲ್ಕರ ಹತ್ತಿರ. ಆದರೆ ಇದನ್ನು ಹಾಕುವವನು ಕಾರಿನ ಒಳಗುಟ್ಟು ತಿಳಿದಿರಬೇಕು. ಹೊಸ ಕಾರುಗಳ ಬ್ಯಾಟರಿಯ ನೆಗೆಟಿವ್ ಕೊಂಡಿಯ ಮೇಲೆ ಬೆರಳುದ್ದದ ಒಂದು ಸೆನ್ಸರ್ ಕೂತಿರುತ್ತದೆ. ಹೋದದ್ದೆಷ್ಟು ಬಂದದ್ದೆಷ್ಟು ಎಂದು ಎಣಿಸುವುದು ಅದರ ಕೆಲಸ. ಹಳೆಯ ಅಭ್ಯಾಸದಂತೆ ನೆಗೆಟಿವ್ ತಂತಿಯನ್ನು ನೇರ ಆ ಬ್ಯಾಟರಿಯ ತಲೆಗೇ ಕಟ್ಟಿದರೆ ಸೆನ್ಸರಿನ ಲೆಕ್ಕ ತಪ್ಪಿಹೋಗುತ್ತದೆ, ಕಾರಿನ ಮೈಗೆ ಕಟ್ಟಬೇಕು. ಹಿರಿಯರು ಬರೀ ಮೀಟರ್ ಹಿಡಿದು ಒಂದು ವಾರಾಂತ್ಯದಲ್ಲಿ ಮುಗಿಸಿದ ಕೆಲಸಕ್ಕೆ ಈಗ ಆ ಮಾಡೆಲ್ಲಿನ ಕೈಪಿಡಿ ಬೇಕು, ಲ್ಯಾಪ್‌ಟಾಪ್ ಬೇಕು. ವಾರಂಟಿ ಹೋಗುತ್ತದೆಯೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಇಷ್ಟೆಲ್ಲ ಯಾಕೆ ಎಂದು ಬಹಳ ಜನ ತ್ರೀ-ವೇ ಫ್ರಿಜ್ಜನ್ನೇ ಕಿತ್ತು ಕಂಪ್ರೆಸರ್ ಫ್ರಿಜ್ ಕೂರಿಸುತ್ತಿದ್ದಾರೆ. ಅವರ ವಾದ ಸರಿಯಾದದ್ದೇ. ಕಂಪ್ರೆಸರ್ ಫ್ರಿಜ್ ದಿನವಿಡೀ ತಿನ್ನುವ ಕರೆಂಟನ್ನು ನಮ್ಮದು ನಾಲ್ಕೈದು ಗಂಟೆಯಲ್ಲಿ ತಿನ್ನುತ್ತದೆ. ಮಾಡಿನ ಮೇಲೆ ಸೋಲಾರ್, ಬೆಂಚಿನಡಿ ಲಿಥಿಯಂ ಬ್ಯಾಟರಿ ಇದ್ದರೆ ಅದಕ್ಕೆ ಕಾರಿನ ಹಂಗೂ ಬೇಡ, ಗ್ಯಾಸಿನ ಹಂಗೂ ಬೇಡ. ವಾಲಿ ನಿಂತರೂ ನಡೆಯುತ್ತದೆ, 43 ಡಿಗ್ರಿಯಲ್ಲೂ ಬೆದರುವುದಿಲ್ಲ. ಮುಂದೆ ಕಾರುಗಳೆಲ್ಲ ಬ್ಯಾಟರಿಯವೇ ಆದಾಗ ಆಲ್ಟರ್ನೇಟರ್ ಎಂಬ ಭಾಗವೇ ಇರುವುದಿಲ್ಲ. ಇದನ್ನೆಲ್ಲ ಒಪ್ಪಿದ ಮೇಲೂ ನನ್ನ ಸಂಕಟ ಉಳಿಯುತ್ತದೆ. ತ್ರೀ-ವೇ ಫ್ರಿಜ್ ಏನು ಬೇಡುತ್ತಿದೆ ಎಂದು ಅದರ ಯಜಮಾನಿಗೆ ಗೊತ್ತಾಗುತ್ತಿತ್ತು. ತಂತಿ ಬೆಚ್ಚಗಿದ್ದರೆ ದಪ್ಪ ತಂತಿ, ಜ್ವಾಲೆ ಹಳದಿಯಾದರೆ ಬರ್ನರಿಗೆ ಬ್ರಷ್, ಗುಳ್ಳೆ ಸರಿದರೆ ಚಕ್ರದಡಿ ಹಲಗೆ. ಕಣ್ಣು, ಕಿವಿ, ಬೆರಳುಗಳಿಂದ ಓದಬಹುದಾದ ಯಂತ್ರ. ಎಂಜಿನಿಯರಿಂಗ್ ಓದದ ನಾನು ಅದನ್ನು ಪೂರ್ತಿ ಅರಿತಿದ್ದೆ. ನಾನು ಪೂರ್ತಿ ಅರಿತ ಯಂತ್ರ ನನ್ನ ಬದುಕಿನಲ್ಲಿ ಅದೊಂದೇ. ಹೊಸ ಫ್ರಿಜ್ಜಿನ ಮುಖದಲ್ಲಿ ತಪ್ಪಿನ ಅಂಕಿ ಮಿನುಗಿದರೆ ನಾನು ಅಂಗಡಿಗೆ ಫೋನ್ ಮಾಡಬಹುದು, ಅಷ್ಟೆ.

ರಾತ್ರಿಯ ಮೌನವೂ ಇತ್ತು. ಕ್ಯಾರವಾನಿನಲ್ಲಿ ತಲೆದಿಂಬಿಗೂ ಫ್ರಿಜ್ಜಿಗೂ ಮೂರು ನಾಲ್ಕು ಹೆಜ್ಜೆ. ಕಂಪ್ರೆಸರ್ ಗುರ್ ಎಂದು ಶುರುವಾಗಿ, ನಡುಗಿ ನಿಂತು, ಮತ್ತೆ ಶುರುವಾಗುವುದನ್ನು ಕೇಳುತ್ತ ಮಲಗುವಾಗ ನನಗೆ ಹಳೆಯದರ ನೆನಪು ಒತ್ತಿ ಬರುತ್ತದೆ.

ನಮ್ಮದನ್ನು ನಾವು ಕೀಳಲಿಲ್ಲ. ಮಗ ಡಿಸಿ-ಡಿಸಿ ಚಾರ್ಜರ್ ತಂದು, ಹಿರಿಯರು ಹಾಕಿದ್ದ ಅದೇ 6 ಬಿ ಅಂಡ್ ಎಸ್ ಕೇಬಲನ್ನು ಫಾಲ್ಕನ್ನಿನಿಂದ ಬಿಚ್ಚಿ ಹೊಸ ಗಾಡಿಗೆ ಎಳೆದ. ಈಗ ಫ್ರಿಜ್ಜಿನ ಬೆನ್ನಲ್ಲಿ 13.6 ಇರುತ್ತದೆ. ಎಲ್ಲರ ಮನೆಯಲ್ಲೂ ಇಷ್ಟು ತಾಳ್ಮೆಯ ಮಗ ಇರುವುದಿಲ್ಲ, ಆ ಚಾರ್ಜರಿನ ಬೆಲೆಯೂ ಎಲ್ಲ ಪಿಂಚಣಿದಾರರ ಕೈಗೆ ಎಟುಕುವಂಥದ್ದಲ್ಲ. ಈಚಿನ ಕೆಲವು ಯೂಟುಗಳಲ್ಲಿ ಟೋ ಮೋಡ್ ಎಂಬ ಗುಂಡಿ ಇದೆ, ಒತ್ತಿದರೆ ಗೇರು ಬೀಳುವ ರೀತಿ ಬದಲಾಗುತ್ತದೆ. ಹಿಂದೆ ಭಾರ ಇದೆ ಎಂದು ಗೇರಿಗೆ ತಿಳಿಸಬಲ್ಲ ಕಂಪ್ಯೂಟರಿಗೆ, ಆಲ್ಟರ್ನೇಟರಿಗೂ 14 ವೋಲ್ಟಿನಲ್ಲಿ ನಿಲ್ಲು ಎಂದು ಹೇಳುವುದು ಕಷ್ಟದ ಕೆಲಸವಲ್ಲ. ಹೊಗೆಯ ಲೆಕ್ಕ ಕಾರು ಒಂಟಿಯಾಗಿ ಓಡುವಾಗ ಎಂದಿನಂತೆ ಇರಲಿ, ಹಿಂದೆ ಮನೆ ಕಟ್ಟಿಕೊಂಡು ಹೊರಟ ನಾಲ್ಕು ದಿನ ಮಾತ್ರ ಆ ಗುಂಡಿ ಫ್ರಿಜ್ಜಿನ ಪಾಲನ್ನೂ ಕೊಡಲಿ. ಕಾರು ಮಾರುವವರಿಗೆ ಇದನ್ನು ಬರೆದು ಕೇಳಿದ್ದೇನೆ. ಟೋ ಬಾಲ್ ಹಾಕಿಸುವ ಪ್ರತಿಯೊಬ್ಬರೂ ಕೇಳಲಿ. ಹಿತ್ತಿಲುಗಳಲ್ಲಿ ಟಾರ್ಪಾಲ್ ಹೊದ್ದು ನಿಂತಿರುವ ಕ್ಯಾರವಾನುಗಳಲ್ಲಿ ಎಷ್ಟೋ ಫ್ರಿಜ್ಜುಗಳು ಇನ್ನೂ ಚೆನ್ನಾಗಿವೆ, ಕಾವು ಸಿಕ್ಕರೆ ನಾಳೆಯೇ ತಣ್ಣಗಾಗುತ್ತವೆ.